ಹಕ್ಕಿಗೆ ಲೆಕ್ಕ ಬರುವುದಿಲ್ಲ

ಅವುತಾರ್ದಾ ಹಕ್ಕಿಗೆ ಎಲ್ಲವೂ ಬರುತ್ತದೆ, ಲೆಕ್ಕ ಒಂದು ಬರುವುದಿಲ್ಲ. ಕುರಿಮರಿಯಷ್ಟು ತೂಕ, ಗಂಡಿಗೆ ಮೀಸೆ ಬೇರೆ. ಬಯಲಿನ ಆ ತುದಿಯಲ್ಲಿ ಮೇಯುತ್ತಿದ್ದರೂ ಈ ತುದಿಯಲ್ಲಿ ನಿಮ್ಮ ಟೋಪಿ ಅಲುಗಿದ್ದು ಅದಕ್ಕೆ ಕಾಣುತ್ತದೆ. ಹುಲ್ಲಿನ ನಡುವೆ ಹುಲ್ಲಿನ ಬಣ್ಣದ್ದೇ ಪುಟ್ಟ ಡೇರೆ ಹಾಕಿ, ಒಳಗೆ ಕ್ಯಾಮೆರಾ ಹಿಡಿದು ಕೂತರೆ ಹಕ್ಕಿ ಹತ್ತಿರ ಬರುತ್ತದೆ, ನಿಜ. ಆದರೆ ಅದರ ಕಣ್ಣಿಗೆ ಬೀಳದೆ ಡೇರೆ ಸೇರುವುದು ಆಗದ ಮಾತು. ಅದಕ್ಕೇ ಇಬ್ಬರು ಹೋಗಬೇಕು. ಒಬ್ಬರು ಒಳಗೆ ಉಳಿಯಬೇಕು. ಇನ್ನೊಬ್ಬರು ಹೊರಬಂದು, ಕೈ ಬೀಸಿಕೊಂಡು, ಜೋರಾಗಿ ಹಾಡಿಕೊಂಡು, ದಿಬ್ಬ ಹತ್ತಿ ಮರೆಯಾಗಬೇಕು. ಬಂದ ಪೀಡೆ ತೊಲಗಿತು ಅಂದುಕೊಂಡು ಹಕ್ಕಿ ಮತ್ತೆ ಮೇಯಲು ತೊಡಗುತ್ತದೆ.

ನಮ್ಮ ಮನೆಯಲ್ಲಿ ಒಳಗೆ ಉಳಿಯುವವಳು ನನ್ನ ಹೆಂಡತಿ ನಿಯೆವೆಸ್. ಹೊರಟುಹೋಗುವ ಪೀಡೆ ನಾನು, ಎಲಾದಿಯೊ.

ಇದೇನು ಮಹಾ ಕೆಲಸ ಅನ್ನಬೇಡಿ. ಕಳ್ಳನಂತೆ ಬಗ್ಗಿ ನಡೆದರೆ ಹಕ್ಕಿಗೆ ಅನುಮಾನ ಬರುತ್ತದೆ. ಓಡಿದರೆ ಅದೂ ಓಡುತ್ತದೆ. ಹೆಂಡತಿಯ ಮೇಲೆ ಸಿಟ್ಟುಮಾಡಿಕೊಂಡು ಹೊರಟ ಗಂಡನ ಹಾಗೆ, ಇನ್ನು ಈ ಕಡೆ ಕಾಲಿಡುವುದಿಲ್ಲ ಎನ್ನುವ ಗತ್ತಿನಲ್ಲಿ ನಡೆಯಬೇಕು. ನಾನು ಹಾಗೆಯೇ ನಡೆಯುತ್ತಿದ್ದೆ. ದಿಬ್ಬದ ನೆತ್ತಿಯಲ್ಲಿ ಈ ಕಡೆಯವರು ನಾಯಿಹಲ್ಲು ಎಂದು ಕರೆಯುವ ಚೂಪು ಕಲ್ಲುಗಳಿವೆ. ಅಲ್ಲಿ ನಿಂತು, ಒಂದು ಸಲ ಡೇರೆಯ ಕಡೆ ನೋಡಿ, ಎಲ್ಲ ಸರಿಯಿದೆ ಅಂದುಕೊಂಡು, ಆ ಕಡೆ ಇಳಿದುಬಿಡುತ್ತಿದ್ದೆ. ಆಮೇಲೆ ಓಕ್ ಮರದ ನೆರಳಿನಲ್ಲಿ ನಿಲ್ಲಿಸಿದ ವ್ಯಾನಿನಲ್ಲಿ ನಿದ್ದೆ. ಕತ್ತಲಾಗುವ ಮುಂಚೆ ಹೋಗಿ ಅವಳನ್ನು ಕರೆದುಕೊಂಡು ಬರುವುದು.

ನಾನು ಗಿಹೋನ್ ಊರಿನಲ್ಲಿ ಕಾರು ಕಲಿಸುವ ಶಾಲೆ ನಡೆಸಿದವನು. 'ಕನ್ನಡಿ ನೋಡು, ಹಿಂದೆ ನೋಡು' ಎಂದು ಅರ್ಧ ಊರಿಗೆ ಕಿರುಚಿ ಗಂಟಲು ಹರಿದುಕೊಂಡವನು. ನಿಯೆವೆಸ್ ಔಷಧಿ ಅಂಗಡಿ ಇಟ್ಟಿದ್ದಳು. ಇಬ್ಬರೂ ಬಾಗಿಲು ಹಾಕಿದ ಮೇಲೆ ಒಂದು ಹಳೆಯ ವ್ಯಾನು ಕೊಂಡು, ಒಳಗೆ ಹಾಸಿಗೆ, ಒಲೆ, ಸಿಂಕು ಕೂರಿಸಿ, ಅದಕ್ಕೆ ಗೊರ್ದಾ ಎಂದು ಹೆಸರಿಟ್ಟೆವು, ಅಂದರೆ ಡುಮ್ಮಿ. ಪ್ರತಿ ವಸಂತ ನಮ್ಮೂರಿನ ಜಿಟಿಜಿಟಿ ಮಳೆಗೆ ಬೆನ್ನು ತಿರುಗಿಸಿ ದಕ್ಷಿಣಕ್ಕೆ ಇಳಿಯುತ್ತೇವೆ. ರಣಹದ್ದು, ಕೊಕ್ಕರೆ, ನೀಲಕಂಠ, ಚಂದ್ರಮುಕುಟ, ಅವಳು ತೆಗೆಯದ ಹಕ್ಕಿಯಿಲ್ಲ. ನನಗೆ ಹಕ್ಕಿಗಳ ಹುಚ್ಚು ಅಷ್ಟಿಲ್ಲ. ಅವಳ ಹುಚ್ಚಿನ ಜೊತೆ ಇರುವ ಹುಚ್ಚು ನನ್ನದು.

ಅವಳಿಗೆ ಸಿಗದೆ ಉಳಿದದ್ದು ಒಂದೇ. ವಸಂತದಲ್ಲಿ ಗಂಡು ಅವುತಾರ್ದಾ ಹೆಣ್ಣಿನ ಮುಂದೆ ನಿಂತು, ಬಾಲವನ್ನು ಬೆನ್ನ ಮೇಲೆ ಮಗುಚಿ, ರೆಕ್ಕೆಗಳನ್ನು ಒಳಗು ಹೊರಗು ಮಾಡಿ, ಉಕ್ಕಿದ ಹಾಲಿನಂತೆ ಬೆಳ್ಳಗೆ ಉಬ್ಬುತ್ತದೆ. ತಲೆ ಎಲ್ಲಿ, ಕಾಲು ಎಲ್ಲಿ ತಿಳಿಯುವುದಿಲ್ಲ. ಆ ಚಿತ್ರ ಅವಳಿಗೆ ಹತ್ತಿರದಿಂದ ಬೇಕಿತ್ತು, ಮೀಸೆಯ ಒಂದೊಂದು ಎಳೆ ಕಾಣುವ ಹಾಗೆ. ಎಷ್ಟೋ ವಸಂತಗಳಿಂದ ಲಾ ಸೆರೆನಾದ ಅದೇ ಬಯಲಿನಲ್ಲಿ ಡೇರೆ ಹಾಕುತ್ತಿದ್ದೆವು. ಸಿಗುತ್ತಿದ್ದದ್ದು ದೂರದ ಬಿಳಿ ಚುಕ್ಕೆ. ಈ ಸಲವಂತೂ ಕೊನೆಯ ಅವಕಾಶ. ಬರುವ ವರ್ಷ ಆ ಬಯಲಿನ ತುಂಬ ಸೌರಫಲಕಗಳು ಬರುತ್ತವೆ ಎಂದು ಜಮೀನಿನವನೇ ಹೇಳಿದ್ದ.

ಇಂಥ ವರ್ಷದಲ್ಲೇ ಫೆರ್ಮಿನ್ ಗಂಟುಬಿದ್ದ.

ಮೊನ್‌ಫ್ರಾಗ್ವೆಯ ರಣಹದ್ದುಗಳ ಬಂಡೆಯೆದುರು ವ್ಯಾನು ನಿಲ್ಲಿಸಿದ್ದೆವು. ಇಡೀ ಮೈದಾನ ಖಾಲಿಯಿದ್ದರೂ ತನ್ನ ಫಳಫಳ ಹೊಳೆಯುವ ವ್ಯಾನನ್ನು ನಮ್ಮ ಡುಮ್ಮಿಯ ಪಕ್ಕಕ್ಕೇ ತಂದು ನಿಲ್ಲಿಸಿದ. ತುದೇಲಾ ಊರಿನ ದನದ ಡಾಕ್ಟರು, ಹೆಂಡತಿಯನ್ನು ಬಿಟ್ಟವನು, ಅಥವಾ ಹೆಂಡತಿಯೇ ಬಿಟ್ಟವನು, ನಾನು ಕೇಳಲಿಲ್ಲ. ನನಗಿಂತ ಹತ್ತು ವರ್ಷ ಚಿಕ್ಕವನಿರಬೇಕು. ಅವನ ಲೆನ್ಸು ನನ್ನ ತೊಡೆಯಷ್ಟು ದಪ್ಪ. ಬಂದವನೇ ನಿಯೆವೆಸ್ ಪಕ್ಕ ಮುಕ್ಕಾಲಿ ಊರಿದ.

"ನಿಯೆವೆಸ್, ಈಗಲೇ ತೆಗೀಬೇಡ, ಸ್ವಲ್ಪ ತಡಿ. ಅದು ತಿರುಗ್ಲಿ, ರೆಕ್ಕೆ ಒಳಗೆ ಬೆಳಕು ಬೀಳುತ್ತೆ ನೋಡು," ಎಂದ. ಆಮೇಲೆ ನನ್ನ ಕಡೆ ನೋಡಿ, "ನೀವು ಒಂಚೂರು ಆ ಕಡೆ ಸರೀತೀರಾ? ನಿಮ್ಮ ನೆರಳು ಬೀಳ್ತಾ ಇದೆ," ಎಂದ.

ಗಮನಿಸಿದಿರಾ? ಅವಳು ನೀನು, ನಾನು ನೀವು. ಪರಿಚಯವಾಗಿ ಒಂದು ಲೋಟ ಕಾಫಿ ಆರುವಷ್ಟು ಹೊತ್ತಾಗಿತ್ತು, ಅಷ್ಟೆ. ಹೋಗಲಿ, ಇಬ್ಬರಿಗೂ ನೀನು ಅಂದಿದ್ದರೆ ಸಲುಗೆಯ ಮನುಷ್ಯ ಅಂದುಕೊಳ್ಳುತ್ತಿದ್ದೆ. ಇಬ್ಬರಿಗೂ ನೀವು ಅಂದಿದ್ದರೆ ಮರ್ಯಾದಸ್ಥ ಅಂದುಕೊಳ್ಳುತ್ತಿದ್ದೆ. ಇವನು ಅವಳನ್ನು ಒಳಗೆ ಕರೆದುಕೊಂಡು ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದ. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಅಲ್ಲಿ.

"ಒಳ್ಳೇ ಮನುಷ್ಯ ಕಣೋ," ಎಂದಳು ನಿಯೆವೆಸ್, ವ್ಯಾನಿನಲ್ಲಿ ಹಾಸಿಗೆ ಬಿಡಿಸುತ್ತ. "ಪಾಪ, ಒಂಟಿ."

"ಒಂಟಿ ಆದ್ರೆ ನಾಯಿ ಸಾಕ್ಲಿ."

"ಅಯ್ಯೋ! ಹೊಟ್ಟೆಕಿಚ್ಚಾ?"

"ನಂಗಾ? ಅವನ ಮೇಲಾ? ಹೋಗೇ, ಹೋಗು."

"ಕಿವಿ ಕೆಂಪಾಗಿದೆ ನೋಡ್ಕೋ," ಎಂದು ನಕ್ಕು ಮಗ್ಗುಲಾದಳು.

ಅಲ್ಲಿಂದ ಮುಂದೆ ನಾವು ಹೋದಲ್ಲೆಲ್ಲ ಅವನು. ಬೆಳಿಗ್ಗೆ ಕಿಟಕಿಯ ಪರದೆ ಸರಿಸಿದರೆ ಅವನ ವ್ಯಾನಿನ ಹೊಳಪು ಕಣ್ಣಿಗೆ ಹೊಡೆಯುತ್ತಿತ್ತು. ತಮ್ಮೂರಿನ ಬಿಳಿ ಶತಾವರಿಯ ಬಾಟಲಿಗಳನ್ನು ಪೆಟ್ಟಿಗೆಗಟ್ಟಲೆ ತಂದಿದ್ದ. ಒಂದೊಂದೇ ದಂಟನ್ನು ತಟ್ಟೆಯಲ್ಲಿ ಮಲಗಿಸಿ, ಮೇಲೆ ಎಣ್ಣೆ ಸುರಿದು, ನಿಯೆವೆಸ್ ಮುಂದೆ ಇಡುತ್ತಿದ್ದ. ಅವಳು ಬೆರಳಲ್ಲೇ ಎತ್ತಿ, ಕಣ್ಣು ಮುಚ್ಚಿ ತಿನ್ನುತ್ತಿದ್ದಳು. ಇಷ್ಟು ವರ್ಷ ನಾನು ಪೇಟೆಯಿಂದ ತಂದು ಹಾಕಿದ್ದೇನು, ಹುಲ್ಲೇ? ನನಗೂ ಒಂದು ತಟ್ಟೆ ಕೊಟ್ಟ. ಚೆನ್ನಾಗಿತ್ತು. ಅದು ಇನ್ನೂ ಸಿಟ್ಟು ತರಿಸಿತು.

ಲಾ ಸೆರೆನಾ ತಲುಪಿದಾಗ ಬಯಲು ತುಂಬ ಹಳದಿ ಹೂ, ನಡುನಡುವೆ ಕೆಂಪು ಗಸಗಸೆ ಹೂ. ನೆಲಗುಬ್ಬಿಗಳು ಆಕಾಶದಲ್ಲಿ ನಿಂತು ಬಾಯಿಬಡಿದುಕೊಳ್ಳುತ್ತಿದ್ದವು. ಡೇರೆ ಹಾಕಲು ನಮಗಿದ್ದ ಅನುಮತಿಯಲ್ಲಿ ಮೊದಲ ದಿನಗಳು ಗಾಳಿಮಳೆಗೆ ಹೋದವು. ಕೊನೆಗೆ ಮೂರು ದಿನ ಉಳಿಯಿತು. ಆಗ ಫೆರ್ಮಿನ್ ಬಂದು ತಲೆ ಕೆರೆದುಕೊಂಡ.

"ನಿಯೆವೆಸ್, ನಂಗೂ ಅನುಮತಿ ಇದೆ. ಆದ್ರೆ ನನ್ನನ್ನ ಒಳಗೆ ಬಿಟ್ಟು ವಾಪಸ್ ಹೋಗೋಕೆ ಯಾರೂ ಇಲ್ಲ ನೋಡು. ನಿಮ್ಮ ಡೇರೇಲಿ ಇನ್ನೊಂದು ಸ್ಟೂಲ್ ಹಿಡಿಸುತ್ತಾ?"

"ಅದಕ್ಕೇನಂತೆ, ಬಾ," ಎಂದಳು ಅವಳು. ನನ್ನ ಮುಖ ಕೂಡ ನೋಡಲಿಲ್ಲ.

"ಮೂರು ಜನ ಹೋಗಿ ಒಬ್ಬ ವಾಪಸ್ ಬಂದ್ರೆ?" ಎಂದೆ ನಾನು.

"ಏನೂ ಆಗಲ್ಲ," ಎಂದ ಡಾಕ್ಟರು. "ಹಕ್ಕಿಗೆ ಲೆಕ್ಕ ಬರಲ್ಲ ಅಲ್ವಾ?"

ಹಕ್ಕಿಗೆ ಬರುವುದಿಲ್ಲ. ನನಗೆ ಬರುತ್ತದೆ.

ಮಧ್ಯಾಹ್ನ ಊಟ ಮುಗಿಸಿ, ಹಕ್ಕಿಗಳು ಆಚೆಯ ಇಳಿಜಾರಿನಲ್ಲಿ ಮಲಗಿ ತೂಕಡಿಸುವ ಹೊತ್ತಿಗೆ ಮೂವರೂ ನಡೆದೆವು. ಅವರಿಬ್ಬರೂ ಬಗ್ಗಿ ಡೇರೆಯೊಳಗೆ ಹೋದರು. ನಾನು ಜಿಪ್ಪು ಎಳೆದೆ. ನನ್ನ ಕೈಯಾರೆ, ನನ್ನ ಹೆಂಡತಿಯನ್ನು ಇನ್ನೊಬ್ಬನ ಜೊತೆ ಒಳಗೆ ಹಾಕಿ ಮುಚ್ಚಿ, ಹಾಡು ಹೇಳಿಕೊಂಡು ಹೊರಟೆ. ಇಂಥ ಗಂಡಸನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

ನಾಯಿಹಲ್ಲಿನ ಬಳಿ ನಿಂತು ನೋಡಿದೆ. ಡೇರೆ ಅಲುಗುತ್ತಿರಲಿಲ್ಲ. ಆಮೇಲೆ ವ್ಯಾನಿಗೆ ಹೋಗದೆ ಕಲ್ಲುಗಳ ಹಿಂದೆ ಬೋರಲು ಮಲಗಿ ದುರ್ಬೀನು ಹಿಡಿದೆ. ಅವರು ಮುತ್ತಿಡುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ, ಅಷ್ಟು ಬುದ್ಧಿಗೆಟ್ಟಿಲ್ಲ. ಒಬ್ಬರ ಮೊಣಕಾಲಿಗೆ ಒಬ್ಬರ ಮೊಣಕಾಲು ತಾಗುವ ಜಾಗದಲ್ಲಿ, ಕಿವಿಯಲ್ಲಿ ಪಿಸುಗುಟ್ಟುತ್ತ ಕೂತಿರುತ್ತಾರಲ್ಲ, ಅದು. ನಿಯೆವೆಸ್ ನನ್ನ ಕಿವಿಯಲ್ಲಿ ಪಿಸುಗುಟ್ಟಿ ಎಷ್ಟು ಕಾಲವಾಯಿತು? ಈಗ ಅವಳು ನನಗೆ ಏನು ಹೇಳಿದರೂ ಸಿಂಕಿನ ನಲ್ಲಿಯ ಸದ್ದಿನ ಮೇಲೆ ಕೂಗಿ ಹೇಳುತ್ತಾಳೆ.

ಅವತ್ತು ಹಕ್ಕಿಗಳು ಹತ್ತಿರ ಬರಲಿಲ್ಲ. ಕತ್ತು ಉದ್ದ ಮಾಡಿ ಡೇರೆಯನ್ನೇ ನೋಡುತ್ತ ನಿಂತು, ಸಂಜೆ ಇನ್ನೂ ದೂರ ಹೋದವು. ಕರೆದುಕೊಂಡು ಬರಲು ಹೋದರೆ ಇಬ್ಬರ ಮುಖವೂ ಕೆಂಪಾಗಿತ್ತು. ಸೆಕೆಗೆ ಅಂದರು.

ರಾತ್ರಿ ಊಟಕ್ಕೆ ಮುಂಚೆಯೇ ನಾನು ಪಟ್ಟು ಹಿಡಿದೆ. "ನಾಳೆ ನಾನು ಒಳಗೆ ಕೂರ್ತೀನಿ. ಅವನು ಹೋಗ್ಲಿ."

"ನೀನಾ?" ನಿಯೆವೆಸ್ ಬ್ರೆಡ್ಡು ಕೊಯ್ಯುವುದನ್ನು ನಿಲ್ಲಿಸಿದಳು. "ಅಲ್ಲಾಡದೆ ಕೂರ್ತೀಯಾ? ಸಿನಿಮಾ ಟಾಕೀಸಲ್ಲೇ ಕೂರಕ್ಕಾಗಲ್ಲ ನಿಂಗೆ."

"ಅವನ ಜೊತೆ ಆದ್ರೆ ಕೂರ್ಬಹುದು, ನನ್ನ ಜೊತೆ ಆದ್ರೆ ಕಷ್ಟಾನಾ?"

"ಕೂತ್ಕೋ ಮಾರಾಯ, ಯಾರು ಬೇಡ ಅಂದ್ರು?" ಎಂದಳು. ಒಪ್ಪಿಕೊಂಡದ್ದು ಇಷ್ಟು ಬೇಗನೆ ಯಾಕೆ ಎಂದು ಆಮೇಲೆ ಅದಕ್ಕೂ ಕೊರಗಿದೆ.

ಮಾರನೆಯ ದಿನ ಅವಳ ಪಕ್ಕ ಕೂತೆ. ಮದುವೆಯಾದ ಹೊಸತರಲ್ಲಿ ಬಸ್ಸಿನಲ್ಲಿ ಕೂತ ಹಾಗೆ ತೊಡೆಗೆ ತೊಡೆ ತಾಗಿತ್ತು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಮುಂದೆ ಲೆನ್ಸಿಗೆ ದೊಡ್ಡ ಕಿಂಡಿ, ಪಕ್ಕಕ್ಕೆ ದಿಬ್ಬದ ಕಡೆ ಅಂಗೈಯಗಲದ ಇನ್ನೊಂದು ಕಿಂಡಿ. ಫೆರ್ಮಿನ್ ಹೊರಟ. ಹಾಡಲಿಲ್ಲ, ಕೈ ಬೀಸಲಿಲ್ಲ. ಮೂಲೆಯಂಗಡಿಗೆ ಬ್ರೆಡ್ಡು ತರಲು ಹೋಗುವವನ ಹಾಗೆ ಸುಮ್ಮನೆ ನಡೆದುಕೊಂಡು ಹೋದ. ಹೋಗುತ್ತಾನೆ ಎಂದರೆ ಅಷ್ಟೆ, ಹೋದ. ಅಷ್ಟು ದೂರದ ಹಕ್ಕಿಗಳು ಒಂದು ಸಲ ತಲೆಯೆತ್ತಿ ಮತ್ತೆ ಮೇಯಲು ಬಾಗಿದವು. ನಾನು ಇಷ್ಟು ವರ್ಷ ಮಾಡಿದ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡಿಬಿಟ್ಟ, ಹಾಳಾದವನು.

ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ. ನಿಯೆವೆಸ್ ಕಡೆ ತಿರುಗಿದರೆ ಅವಳು ಕ್ಯಾಮೆರಾ ಬಿಟ್ಟು ಪಕ್ಕದ ಕಿಂಡಿಗೆ ಕಣ್ಣಿಟ್ಟು ಅವನನ್ನೇ ನೋಡುತ್ತಿದ್ದಳು. ಕತ್ತು ಚಾಚಿ, ಉಸಿರು ಹಿಡಿದು, ಅವನು ದಿಬ್ಬ ಹತ್ತಿ, ನಾಯಿಹಲ್ಲು ದಾಟಿ, ಆ ಕಡೆ ಇಳಿಯುವ ತನಕ. ಇಳಿದ ಮೇಲೆ 'ಅಷ್ಟೇನಾ' ಎನ್ನುವ ಹಾಗೆ ಒಂದು ಉಸಿರು ಬಿಟ್ಟು ಕ್ಯಾಮೆರಾಕ್ಕೆ ಮರಳಿದಳು.

ಬಾಯಿ ಮುಚ್ಚಿಕೊಂಡು ಕೂತೆ. ಹೊತ್ತು ಇಳಿಯಿತು. ಹಕ್ಕಿಗಳು ಒಂದೊಂದಾಗಿ ಹತ್ತಿರ ಬಂದವು, ನಾನು ಅವುಗಳನ್ನು ಅಷ್ಟು ಹತ್ತಿರ ಎಂದೂ ಕಂಡಿರಲಿಲ್ಲ. ಮೂರು ಹೆಣ್ಣು, ಹಿಂದೆ ಒಂದು ಮುದಿ ಗಂಡು. ಅದರ ಮೀಸೆ ಗಾಳಿಗೆ ಅಲುಗುವುದು ಬರಿಗಣ್ಣಿಗೆ ಕಾಣುತ್ತಿತ್ತು. ಅದು ನಿಂತು ಕತ್ತು ಊದಿಸಿತು. ಬಾಲ ಎತ್ತಿತು. ನಿಯೆವೆಸ್ ಬೆರಳು ಗುಂಡಿಯ ಮೇಲಿತ್ತು. ನನ್ನ ಕಣ್ಣಿಗೆ ಮಾತ್ರ ದಿಬ್ಬ ಹತ್ತುವ ಫೆರ್ಮಿನ್‌ನ ಬೆನ್ನು, ಅದನ್ನು ನುಂಗುವ ಹಾಗೆ ನೋಡುವ ನನ್ನ ಹೆಂಡತಿಯ ಕತ್ತು.

"ಅವನನ್ನ ಯಾಕೆ ಹಾಗೆ ನೋಡ್ತಿದ್ದೆ?" ಎಂದೆ.

ಪಿಸುಮಾತಿನಲ್ಲಿ ಅಲ್ಲ. ಕಾರು ಕಲಿಸುವ ದನಿಯಲ್ಲಿ.

ಬಾಲ ಇಳಿಯಿತು. ಕತ್ತು ಸಣ್ಣಗಾಯಿತು. ನಾಲ್ಕೂ ಹಕ್ಕಿಗಳು ಓಡಿ, ನೆಲ ಬಿಟ್ಟು, ಭಾರವಾದ ರೆಕ್ಕೆ ಬಡಿಯುತ್ತ ಬಯಲಿನಂಚಿನ ಹೊಳೆಯ ಆಚೆಗೆ ಹೋದವು. ನಿಯೆವೆಸ್ ಕ್ಯಾಮೆರಾದ ಹಿಂದಿನಿಂದ ಮುಖ ತೆಗೆಯಲಿಲ್ಲ. ಕತ್ತಲಾಗುವವರೆಗೂ ತೆಗೆಯಲಿಲ್ಲ.

ಡುಮ್ಮಿಯ ಪಕ್ಕ ಮಡಚುವ ಮೇಜು ಹಾಕಿ ಫೆರ್ಮಿನ್ ಶತಾವರಿ ಬಡಿಸಿಕೊಂಡು ಕಾಯುತ್ತಿದ್ದ. ಏನಾಯಿತೆಂದು ಕೇಳಿ ತಿಳಿದುಕೊಂಡು ಫೋರ್ಕು ಕೆಳಗಿಟ್ಟ.

"ಮಾತಾಡಿದ್ರಾ? ಡೇರೆ ಒಳಗೆ?"

"ನನ್ನ ಹೆಂಡತಿ ಹತ್ರ ನಾನು ಮಾತಾಡಿದೆ. ನಿನ್ನನ್ನ ಕೇಳಿ ಮಾತಾಡ್ಬೇಕಿತ್ತಾ?"

"ಎಲಾದಿಯೊ, ಸಾಕು," ಎಂದಳು ನಿಯೆವೆಸ್.

"ಏನು ಸಾಕು? ಇವನು ಬಂದ ಮೇಲೆ ನಾನು ಏನು ಮಾಡಿದ್ರೂ ತಪ್ಪು. ಕೂತ್ರೆ ತಪ್ಪು, ನಿಂತ್ರೆ ನೆರಳು. ಹೋಗೋದನ್ನಾದ್ರೂ ನೆಟ್ಟಗೆ ಮಾಡ್ತಿದ್ದೆ, ಅದನ್ನೂ ಇವನೇ ಮಾಡ್ಲಿ!"

ಫೆರ್ಮಿನ್‌ಗೂ ತಾಳ್ಮೆ ಕೆಟ್ಟಿರಬೇಕು. "ನೆಟ್ಟಗೆ ಎಲ್ಲಿ ಮಾಡ್ತಿದ್ರಿ?" ಎಂದ. "ನೀವು ಕಲ್ಲುಗಳ ಹತ್ರ ನಿಂತು ತಿರುಗಿ ನೋಡ್ತೀರಿ. ಪ್ರತಿ ಸಲ. ಹಕ್ಕಿ ನಿಮ್ಮನ್ನೇ ನೋಡ್ತಿರುತ್ತೆ. ನೀವು ಎಲ್ಲಿ ನೋಡ್ತೀರೋ ಅದೂ ಅಲ್ಲೇ ನೋಡುತ್ತೆ. ಅಲ್ಲೇನೋ ಬಿಟ್ಟು ಹೋಗಿದಾನೆ ಅಂತ ಅದಕ್ಕೆ ಗೊತ್ತಾಗಿಬಿಡುತ್ತೆ. ಇಷ್ಟು ವರ್ಷ ಚಿತ್ರ ಸಿಗದೇ ಇದ್ದದ್ದು ಅದಕ್ಕೇ. ನಿಯೆವೆಸ್‌ಗೂ ಗೊತ್ತು, ನಿನ್ನೆ ಡೇರೇಲಿ ಅವಳೇ ಹೇಳಿದ್ಳು."

ನಾನು ಅವಳ ಮುಖ ನೋಡಿದೆ. ಅವಳು ಮೇಜಿನ ಮೇಲಿನ ಬ್ರೆಡ್ಡಿನ ಚೂರುಗಳನ್ನು ಒಂದು ಕಡೆ ಗುಡಿಸುತ್ತಿದ್ದಳು.

"ಹೌದಾ? ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ಮೊದಲನೇ ವರ್ಷದಿಂದ."

"ಮತ್ತೆ ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳ್ಬೇಕು ಅನ್ನಿಸ್ಲಿಲ್ಲ," ಎಂದು ಎದ್ದು ವ್ಯಾನಿನೊಳಗೆ ಹೋಗಿ ಬಾಗಿಲು ಎಳೆದುಕೊಂಡಳು.

ನನ್ನಿಂದಾಗಿ ಚಿತ್ರ ಸಿಗಲಿಲ್ಲ ಎಂದರೆ ಅದು ನನ್ನನ್ನು ಅಷ್ಟು ಚುಚ್ಚಲಿಲ್ಲ. ನನಗೆ ಹೇಳದೆ ಇಟ್ಟುಕೊಂಡದ್ದನ್ನು ಅವನಿಗೆ ಹೇಳಿದಳಲ್ಲ! ನನ್ನ ಪಕ್ಕ ಮಲಗಿ, ನನ್ನ ಕೈಯಡುಗೆ ಉಂಡು, ಇಷ್ಟು ವಸಂತ ಬಾಯಿಬಿಡದವಳು ಅವನ ಜೊತೆ ಒಂದು ಮಧ್ಯಾಹ್ನ ಕೂತು ಬಾಯಿಬಿಟ್ಟಳು. ಹೇಳಬೇಕು ಅನ್ನಿಸಲಿಲ್ಲವಂತೆ. ಹೇಳಿ ಪ್ರಯೋಜನವಿಲ್ಲ, ಈ ಕತ್ತೆಗೆ ಅರ್ಥವಾಗುವುದಿಲ್ಲ ಎಂದು ತಾನೆ? ಫೆರ್ಮಿನ್ ಮುಂದಿದ್ದ ಶತಾವರಿ ತಟ್ಟೆಯನ್ನು ನನ್ನ ಕಡೆಗೆ ಎಳೆದುಕೊಂಡು ಅಷ್ಟನ್ನೂ ತಿಂದು ಮುಗಿಸಿದೆ. ಅವನು ನೋಡುತ್ತಲೇ ಇದ್ದ.

ಉಳಿದದ್ದು ಒಂದು ದಿನ. ಊಟವಾದ ಮೇಲೆ ನಾನೇ ಮುಕ್ಕಾಲಿ ಹೆಗಲಿಗೆ ಹಾಕಿಕೊಂಡೆ.

"ನೀವಿಬ್ರೂ ಒಳಗೆ ಕೂತ್ಕೊಳ್ಳಿ," ಎಂದೆ. "ಇವತ್ತು ಹೇಗೆ ಹೋಗ್ತೀನಿ ನೋಡ್ತಾ ಇರಿ."

ನಿಯೆವೆಸ್ ಏನೋ ಹೇಳಲು ಬಾಯಿ ತೆರೆದಳು. ನಾನು ಅವಕಾಶ ಕೊಡಲಿಲ್ಲ. ಇಬ್ಬರನ್ನೂ ಒಳಗೆ ನೂಕಿ ಜಿಪ್ಪು ಎಳೆದು ಹೊರಟೆ.

ಹಾಡಲಿಲ್ಲ. ಕೈ ಬೀಸಲಿಲ್ಲ. ಬ್ರೆಡ್ಡು ತರಲು ಹೋಗುವವನಾದೆ. ಆದರೆ ನನ್ನ ಬೆನ್ನು ಇದೆಯಲ್ಲ, ಅದಕ್ಕೆ ಕಿವಿ ಬಂದುಬಿಟ್ಟಿತ್ತು. ಹಿಂದೆ ಅವರು ನಕ್ಕರೆ? ಈಗ ಅವನು ಅವಳ ಕಿವಿಯ ಹತ್ತಿರ ಬಾಗಿದರೆ? ಕುರಿಗಳ ಗಂಟೆ, ನೆಲಗುಬ್ಬಿಯ ಗಲಾಟೆ, ಅದರಾಚೆ ಏನೂ ಕೇಳಿಸುತ್ತಿರಲಿಲ್ಲ. ನಾಯಿಹಲ್ಲು ಬಂತು. ಕಾಲು ತಾನಾಗಿ ನಿಧಾನವಾಯಿತು. ಕತ್ತಿನ ನರ ಎಳೆಯಿತು. ಕನ್ನಡಿ ನೋಡು, ಹಿಂದೆ ನೋಡು! ಹಲ್ಲು ಕಚ್ಚಿ, ಒಂದು ಕಲ್ಲನ್ನು ಕೈಯಲ್ಲಿ ಅವುಚಿಕೊಂಡು, ಮುಖ ಮುಂದಕ್ಕೇ ಇಟ್ಟು ದಾಟಿದೆ. ಅಂಗೈ ಕೊಯ್ದು ರಕ್ತ ಬಂತು. ಇಳಿಜಾರಿನಲ್ಲಿ ಇಳಿದು, ಡುಮ್ಮಿಯ ಚಕ್ರಕ್ಕೆ ಒರಗಿ ಕೂತು, ದುರ್ಬೀನನ್ನು ಮುಟ್ಟದೆ ಸಂಜೆ ಮಾಡಿದೆ. ಇಂದು ಅವಳಿಗೆ ಚಿತ್ರ ಸಿಗುತ್ತದೆ, ನಾನು ಕೊಡಿಸಿದ ಚಿತ್ರ, ಎಂದುಕೊಂಡೆ. ಮರುಕ್ಷಣವೇ, ಅದು ಸಿಕ್ಕಾಗ ಪಕ್ಕದಲ್ಲಿರುವವನು ಅವನು, ಎಂದು ನೆನಪಾಗಿ ಮೈ ಉರಿಯಿತು.

ಸೂರ್ಯ ಕೆಳಗಿಳಿದ ಮೇಲೆ ಹೋಗಿ ಜಿಪ್ಪು ತೆಗೆದೆ. ಫೆರ್ಮಿನ್ ಮೊದಲು ಹೊರಬಂದ. ಗೆದ್ದವನ ಮುಖವಲ್ಲ.

"ಬಂತಾ?" ಎಂದೆ.

"ಬಂತು. ಡೇರೆ ಬಾಗಿಲಿಗೇ ಬಂತು ಅನ್ನಿ. ನನ್ನ ಲೆನ್ಸಲ್ಲಿ ಪೂರ್ತಿ ಹಿಡಿಸ್ಲೇ ಇಲ್ಲ, ಅಷ್ಟು ಹತ್ರ. ಹಾಲಿನ ಹಾಗೆ ಉಬ್ಬಿ ನಿಂತಿತ್ತು."

"ಮತ್ತೆ ನಿಯೆವೆಸ್?"

"ಅವಳನ್ನೇ ಕೇಳು!" ಎಂದ. ಮೊದಲ ಸಲ ನನಗೆ ನೀನು ಅಂದಿದ್ದ, ಅದೂ ಬೈಗುಳದ ಹಾಗೆ. "ನೀನು ದಿಬ್ಬ ಇಳಿದು ಎಷ್ಟು ಹೊತ್ತಾದ್ರೂ ಆ ಪಕ್ಕದ ಕಿಂಡಿ ಬಿಟ್ಟು ಅಲ್ಲಾಡ್ಲಿಲ್ಲ ಅವಳು. ಮೊಣಕೈಲಿ ತಿವಿದೆ. ತೋಳು ಹಿಡಿದು ಎಳೆದೆ. 'ತಡಿ, ಅವನು ಇನ್ನೂ ತಿರುಗಿಲ್ಲ, ಅವನು ಇನ್ನೂ ತಿರುಗಿಲ್ಲ' ಅಂತ ಅದೊಂದೇ ಮಾತು. ಅವಳು ಕ್ಯಾಮೆರಾ ಹತ್ರ ಬರೋ ಹೊತ್ತಿಗೆ ಹಕ್ಕಿ ರೆಕ್ಕೆ ಮಡಚಿ ಹೊರಟಿತ್ತು."

ನಿಯೆವೆಸ್ ಹೊರಬಂದಳು. ಮೊಣಕಾಲು ನೀವಿಕೊಂಡು ನೆಟ್ಟಗೆ ನಿಂತಳು. ಅತ್ತಿದ್ದಳೋ, ಬಿಸಿಲಿಗೋ, ಕಣ್ಣು ಊದಿತ್ತು.

"ಎದೆ ಗಿದೆ ಹಿಡ್ಕೊಂಡು ಆ ಕಡೆ ಬಿದ್ದಿದೀಯೇನೋ ಅಂದ್ಕೊಂಡೆ," ಎಂದಳು. "ಯಾಕೆ ತಿರುಗ್ಲಿಲ್ಲ ನೀನು?"

"ತಿರುಗ್ಬಾರ್ದು ಅಂತ ತಾನೆ ನೀವು..."

"ಯಾರು ಅಂದ್ರು?"

"ಇವನು."

"ಇವನು ಅಂದ. ನಾನು ಅಂದ್ನಾ? ಇಷ್ಟು ವರ್ಷದಲ್ಲಿ ಒಂದು ದಿನ ನಾನು ಅಂದ್ನಾ?" ಅವಳ ದನಿ ಬಯಲಿನ ತುಂಬ ಕೇಳಿಸುತ್ತಿತ್ತು. "ಹೇಳಿದ್ರೆ ನೀನು ತಿರುಗೋದು ನಿಲ್ಲಿಸ್ಬಿಡ್ತಿದ್ದೆ, ಪೆದ್ದ. ಅದಕ್ಕೇ ಹೇಳ್ಲಿಲ್ಲ."

ಫೆರ್ಮಿನ್ ಡೇರೆಯ ಗೂಟ ಕೀಳಲು ಬಾಗಿದ. ಅವನ ಕುತ್ತಿಗೆಯಲ್ಲಿ ತೂಗುತ್ತಿದ್ದ ಕ್ಯಾಮೆರಾದೊಳಗೆ ಆ ಹಕ್ಕಿ ಇತ್ತು, ನಿಯೆವೆಸ್ ಇಷ್ಟು ವಸಂತ ಬೇಡಿದ ಹಕ್ಕಿ, ಮೀಸೆಯ ಒಂದೊಂದು ಎಳೆಯೂ ಸೇರಿ. ಈ ಬಯಲು ಮುಂದಿನ ವರ್ಷ ಇರುವುದಿಲ್ಲ. ಅವಳಿಗೆ ಆ ಚಿತ್ರ ಇನ್ನು ಸಿಗುವುದಿಲ್ಲ. ಅದನ್ನು ಕಳೆದದ್ದು ನಾನು, ತಿರುಗಿ ನೋಡಿದ್ದಕ್ಕೆ ಅಷ್ಟು ಸಲ, ನೋಡದೆ ಇದ್ದದ್ದಕ್ಕೆ ಈ ಒಂದು ಸಲ.

"ಕೈಗೇನಾಯ್ತು?" ಎಂದಳು.

"ಕಲ್ಲು."

ಜೇಬಿನಿಂದ ಕರವಸ್ತ್ರ ತೆಗೆದು ಬಿಗಿಯಾಗಿ ಸುತ್ತಿದಳು, ಔಷಧಿ ಅಂಗಡಿಯವರ ಗಂಟು ಹಾಕಿದಳು. "ನೀನು ಮುಂದೆ ನಡಿ," ಎಂದಳು. "ಹೋಗಿ ಕಾಫಿಗೆ ನೀರಿಡು. ನಾವು ಇದನ್ನ ಮಡಚಿಕೊಂಡು ಬರ್ತೀವಿ."

ಸ್ಟೂಲುಗಳನ್ನು ಹೆಗಲಿಗೆ ಹಾಕಿಕೊಂಡು ಹೊರಟೆ. ಬಯಲಿನಲ್ಲಿ ಹಕ್ಕಿ ಒಂದೂ ಇರಲಿಲ್ಲ. ಯಾರಿಗೂ ಮೋಸ ಮಾಡಬೇಕಾಗಿರಲಿಲ್ಲ. ಆದರೂ ಹಾಡು ಬಂತು, ಕೈ ತಾನಾಗಿ ಬೀಸಿತು. ಹಿಂದೆ ಅವರಿಬ್ಬರೇ ಇದ್ದಾರೆ ಎಂದು ಹೊಟ್ಟೆಯ ಮೂಲೆಯಲ್ಲಿ ಇನ್ನೂ ಒಂದು ಕೆಂಡ ಇದ್ದೇ ಇತ್ತು. ದಿಬ್ಬ ಹತ್ತಿ, ನಾಯಿಹಲ್ಲಿನ ಬಳಿ ನಿಂತು, ತಿರುಗಿದೆ.

ನಿಯೆವೆಸ್ ಡೇರೆ ಮಡಚುತ್ತಿರಲಿಲ್ಲ. ಕೈಯಲ್ಲಿ ಕ್ಯಾಮೆರಾ ಕೂಡ ಇರಲಿಲ್ಲ. ಸುಮ್ಮನೆ ನಿಂತು ಕತ್ತು ಚಾಚಿ ನನ್ನನ್ನೇ ನೋಡುತ್ತಿದ್ದಳು. ಅವಳ ಪಕ್ಕ ಫೆರ್ಮಿನ್, ಎರಡು ಕೈಯಲ್ಲೂ ಗೂಟಗಳನ್ನು ಹಿಡಿದು, ಅವಳನ್ನೊಮ್ಮೆ ನನ್ನನ್ನೊಮ್ಮೆ ನೋಡುತ್ತಿದ್ದ. ಕುತ್ತಿಗೆಯಲ್ಲಿದ್ದ ದುರ್ಬೀನು ಎತ್ತಿ ಅವನ ಮುಖ ನೋಡಿದೆ. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಈ ವಸಂತವಿಡೀ ನಾನು ಹೊತ್ತು ತಿರುಗಿದ್ದು ಅದನ್ನೇ.